ಮೂಗಿನ ಜಳಕ

ಫೆಬ್ರುವರಿ ಮುಗಿಯುತ್ತ ಬಂದಂತೆ ತಿಕೋಟಾ ಸುತ್ತಲಿನ ದ್ರಾಕ್ಷಿ ತೋಟಗಳ ಪಕ್ಕದ ಉದ್ದನೆಯ ಶೆಡ್ಡುಗಳು ತುಂಬತೊಡಗುತ್ತವೆ. ಒಂದರ ಮೇಲೊಂದು ಕಟ್ಟಿದ ಬಲೆಯ ಅಟ್ಟಣಿಗೆಗಳ ಮೇಲೆ ಹಸಿ ದ್ರಾಕ್ಷಿ ಹರಡಿ, ಅದು ಸುಕ್ಕುಗಟ್ಟಿ ಮನೂಕವಾಗುವವರೆಗೆ ಎರಡು ವಾರದ ಆಸುಪಾಸು ಕಾಯಬೇಕು. ನಾಲ್ಕು ಕಿಲೊ ಹಣ್ಣು ಒಣಗಿದರೆ ಕೈಗೆ ಹತ್ತುವುದು ಸುಮಾರು ಒಂದು ಕಿಲೊ ಮನೂಕ. ಬಣ್ಣ ಕಪ್ಪಿಡದೆ ಹಳದಿಯಾಗಿ ಉಳಿಯಲೆಂದು ನಡುವೆ ಗಂಧಕದ ಹೊಗೆ ಕೊಡುವುದುಂಟು. ಆ ಹೊತ್ತಿನಲ್ಲಿ ಶೆಡ್ಡಿನ ಹತ್ತಿರ ಸುಳಿದವರ ಮೂಗಿನೊಳಗೆ ಮೆಣಸಿನಕಾಯಿ ಸುಟ್ಟಂಥ ಖಾರ ಏರುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ಒಣಗಿದ ಮೇಲೆ ಕಡ್ಡಿ ಬಿಡಿಸಿ, ಜರಡಿ ಹಿಡಿದು, ಗಾತ್ರ ನೋಡಿ ಬೇರೆ ಮಾಡುವ ಹೆಣ್ಣಾಳುಗಳಿಗೆ ಸೆರಗೇ ಮಾಸ್ಕು.

ಅತ್ತ ಬಬಲೇಶ್ವರದ ಕಡೆ, ಸಾರವಾಡದ ಸುತ್ತ ಡೋಣಿ ನದಿಯ ಎರೆ ಹೊಲಗಳಲ್ಲಿ, ಅದೇ ದಿನಗಳಲ್ಲಿ ಹಿಂಗಾರಿ ಜೋಳದ ರಾಶಿ. ಮಷೀನಿನ ಬಾಯಿಗೆ ತೆನೆ ಹಾಕಿದರೆ ಒಂದು ಕಡೆ ಮುತ್ತಿನಂಥ ಬಿಳಿಜೋಳ, ಇನ್ನೊಂದು ಕಡೆ ಹೊಟ್ಟು, ಮೇಲೆ ಮೋಡದಂತೆ ಏಳುವ ಸುಂಕು. ಆ ಸುಂಕು ಕುತ್ತಿಗೆಗೆ ಬಿದ್ದರೆ ತುರಿಕೆ, ಮೂಗಿಗೆ ಹೋದರೆ ಸೀನು. ಒಂದಲ್ಲ ಎರಡಲ್ಲ, ಹತ್ತು ಹನ್ನೆರಡು ಸೀನು ಸಾಲಾಗಿ. ರಾಶಿ ಮುಗಿಸಿ ತಲೆಯ ಟವೆಲ್ ಬಿಚ್ಚಿದ ಗಂಡಾಳು ಮೂಗು ಒತ್ತಿ ಹಿಡಿದು, ‘ಮೂಗ ಬಂದ್ ಆಗೇತ್ರಿ, ಬಾಯಿಲೇ ಉಸರ ತಗೊಳ್ಳಾಕ ಹತ್ತೀನಿ’ ಅನ್ನುವುದು ಈ ಸೀಮೆಯಲ್ಲಿ ಹಂಗಾಮಿನ ಮಾತು.

ವಿಜಯಪುರ ನಗರದಲ್ಲಿ ಕಾರಣ ಬೇರೆ, ಗೋಳು ಒಂದೇ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಒಣ ಹವೆ ಮೂಗಿನೊಳಗಿನ ಪಸೆಯನ್ನೇ ಹೀರುತ್ತದೆ. ರಸ್ತೆಯ ಧೂಳು, ಕಟ್ಟಡ ಕೆಲಸದ ಸಿಮೆಂಟು, ಖಾಲಿ ನಿವೇಶನಗಳಲ್ಲಿ ಎದೆಮಟ್ಟ ಬೆಳೆದ ಕಾಂಗ್ರೆಸ್ ಕಸ, ಊರಾಚೆಯ ಜಾಲಿ ಕಂಟಿ ಎಲ್ಲವೂ ಸೇರಿಕೊಳ್ಳುತ್ತವೆ. ಕಾಂಗ್ರೆಸ್ ಕಸ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದು, ಅಲ್ಲಿಂದ ದೇಶವನ್ನೆಲ್ಲ ವ್ಯಾಪಿಸಿತು. ಅದರ ಪರಾಗ ಚರ್ಮಕ್ಕೂ ಮೂಗಿಗೂ ಕಾಟ ಕೊಡುತ್ತದೆ ಎಂಬುದನ್ನು ಬೆಂಗಳೂರಿನ ಅಧ್ಯಯನಗಳೇ ತೋರಿಸಿಕೊಟ್ಟಿವೆ. ಮನೆಯೊಳಗೆ ಬಂದರೆ ತಲೆಮಾರುಗಳಿಂದ ಹೊದ್ದ ಕೌದಿ. ಬರಿಗಣ್ಣಿಗೆ ಕಾಣದ ಧೂಳುಹುಳಗಳಿಗೆ ಹಳೆಯ ಬಟ್ಟೆಯ ಪದರು ಅಂದರೆ ತವರುಮನೆ. ಬೇಸಿಗೆಯ ಮಧ್ಯಾಹ್ನ ಕೌದಿಗಳನ್ನು ಮಾಳಿಗೆ ಮೇಲೆ ಕಾದ ಬಿಸಿಲಿಗೆ ಹಾಕುವ ಅಜ್ಜಿಯರ ರೂಢಿ ವೈದ್ಯರಿಗೂ ಒಪ್ಪಿಗೆಯಾಗುವಂಥದ್ದು.

ಹೀಗೆ ಸೋರುವ, ಕಟ್ಟುವ, ತುರಿಸುವ ಮೂಗನ್ನು ಹೊತ್ತವರ ಮುಂದೆ ಈಗ ಒಂದು ಸಲಹೆ ಮತ್ತೆ ಮತ್ತೆ ಬರುತ್ತಿದೆ. ಯೋಗ ಶಿಬಿರದಲ್ಲಿ ಅದರ ಹೆಸರು ಜಲನೇತಿ. ಕಿವಿ, ಮೂಗು, ಗಂಟಲಿನ ವೈದ್ಯರು ಅದನ್ನು ‘ಸಲೈನ್ ವಾಶ್’ ಅನ್ನುತ್ತಾರೆ. ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರನ್ನು ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದು ಹೊಳ್ಳೆಯಿಂದ ಹೊರಗೆ ಹರಿಸುವುದು. ಮೈಗೆ ದಿನಾ ಜಳಕ ಮಾಡಿಸುವವರು ಮೂಗಿಗೂ ಒಂದು ಜಳಕ ಮಾಡಿಸಲಿ ಎಂಬಷ್ಟೇ ಇದರ ತಿರುಳು. ಆದರೆ ಈ ಜಳಕಕ್ಕೆ ಯಾವ ನೀರು ಎಂಬ ಪ್ರಶ್ನೆಯ ಮೇಲೆ ಎಲ್ಲವೂ ನಿಂತಿದೆ. ಆ ಮಾತಿಗೆ ಬರುವ ಮುನ್ನ ಮೂಗಿನೊಳಗೆ ಒಮ್ಮೆ ಹೊಕ್ಕು ನೋಡಬೇಕು.

ಮನುಷ್ಯ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಅಷ್ಟನ್ನೂ ಬೆಚ್ಚಗೆ ಮಾಡಿ, ಪಸೆ ಕೊಟ್ಟು, ಸೋಸಿ ಒಳಗೆ ಬಿಡುವ ಕೆಲಸ ಮೂಗಿನದು. ಒಳಗೋಡೆಯ ಮೇಲೆ ತೆಳುವಾದ ಲೋಳೆಯ ಹಾಸು, ಅದರ ಕೆಳಗೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬೀಸುವ ಸೂಕ್ಷ್ಮ ರೋಮಗಳು. ಜೋಳದ ಹೊಲದಲ್ಲಿ ಗಾಳಿ ಬೀಸಿದಾಗ ತೆನೆಗಳು ಒಂದೇ ಕಡೆ ಬಾಗುವಂತೆ ಈ ರೋಮಗಳು ಲೋಳೆಯನ್ನು ಗಂಟಲಿನ ಕಡೆಗೆ ನೂಕುತ್ತಲೇ ಇರುತ್ತವೆ. ಧೂಳು, ಪರಾಗ, ರೋಗಾಣು ಅದಕ್ಕೆ ಅಂಟಿ ಹೊಟ್ಟೆಗೆ ಇಳಿದು ನಾಶವಾಗುತ್ತವೆ. ನಮಗೆ ಗೊತ್ತೇ ಆಗದಂತೆ ಹಗಲೂ ರಾತ್ರಿ ನಡೆಯುವ ಕಸ ಸಾಗಣೆ ಇದು. ಹವೆ ಒಣಗಿದಾಗ ಲೋಳೆ ಗಟ್ಟಿಯಾಗುತ್ತದೆ, ಅಲರ್ಜಿಯಾದಾಗ ಒಳಚರ್ಮ ಉಬ್ಬುತ್ತದೆ, ಸಾಗಣೆ ನಿಧಾನಿಸುತ್ತದೆ. ಉಪ್ಪುನೀರು ಆ ಗಟ್ಟಿಯನ್ನು ಸಡಿಲಿಸಿ, ಅಂಟಿಕೊಂಡ ಪರಾಗ ಮತ್ತು ಧೂಳನ್ನು ಕೊಚ್ಚಿ ಒಯ್ಯುತ್ತದೆ. ಇಷ್ಟೇ ಅದರ ಕೆಲಸ. ಅಲರ್ಜಿಯ ಬೇರನ್ನು ಅದು ಕೀಳುವುದಿಲ್ಲ.

ನೆಗಡಿ ಯಾವುದು, ಅಲರ್ಜಿ ಯಾವುದು ಎಂಬ ಗೊಂದಲ ಬಹಳ ಮನೆಗಳಲ್ಲಿದೆ. ವೈರಾಣುವಿನ ನೆಗಡಿ ಗಂಟಲು ಕೆರೆತದಿಂದ ಶುರುವಾಗಿ, ಮೈಕೈ ನೋವು, ಒಮ್ಮೊಮ್ಮೆ ಸಣ್ಣ ಜ್ವರ ತಂದು, ವಾರ ಹತ್ತು ದಿನದಲ್ಲಿ ತಾನೇ ಹೊರಟುಹೋಗುತ್ತದೆ. ಅಲರ್ಜಿಗೆ ಜ್ವರವಿಲ್ಲ. ಸೀನಿನ ಸರಮಾಲೆ, ನೀರಿನಂಥ ಸೋರಿಕೆ, ಮೂಗು, ಕಣ್ಣು, ಅಂಗುಳಲ್ಲೂ ತುರಿಕೆ. ಅದು ಹಂಗಾಮು ಮುಗಿಯುವವರೆಗೆ ಬಿಡುವುದಿಲ್ಲ, ಕೆಲವರಿಗೆ ವರ್ಷವಿಡೀ. ‘ನಂಗ ವರ್ಷ ಹನ್ನೆರಡು ತಿಂಗಳು ನೆಗಡಿ’ ಅನ್ನುವವರಿಗೆ ಇರುವುದು ಬಹುಪಾಲು ನೆಗಡಿಯೇ ಅಲ್ಲ. ಮನೂಕ ಶೆಡ್ಡಿನ ಗಂಧಕದ ಹೊಗೆಯದ್ದು ಮೂರನೆಯ ಬಗೆ. ಅಲರ್ಜಿ ಇರಲಿ ಬಿಡಲಿ, ಆ ಹೊಗೆ ಯಾರ ಮೂಗನ್ನಾದರೂ ಸುಡುತ್ತದೆ, ಅಸ್ತಮಾ ಇದ್ದವರಿಗೆ ದಮ್ಮು ಹತ್ತಿಸುತ್ತದೆ.

ನೇತಿ ನಮ್ಮ ನೆಲಕ್ಕೆ ಹೊಸದಲ್ಲ. ಹದಿನೈದನೆಯ ಶತಮಾನದ್ದೆನ್ನುವ ಸ್ವಾತ್ಮಾರಾಮನ ‘ಹಠಯೋಗ ಪ್ರದೀಪಿಕೆ’ ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ, ಕಪಾಲಭಾತಿ ಎಂಬ ಆರು ಶುದ್ಧಿಕ್ರಿಯೆಗಳನ್ನು ಹೇಳುತ್ತದೆ. ಅಲ್ಲಿ ಬರುವ ನೇತಿ ನೀರಿನದಲ್ಲ, ದಾರದ್ದು. ಗೇಣುದ್ದದ ನುಣುಪು ದಾರವನ್ನು ಮೂಗಿನಲ್ಲಿ ಹೊಗಿಸಿ ಬಾಯಿಂದ ತೆಗೆಯುವ ಸೂತ್ರನೇತಿ ಅದು. ಅದಕ್ಕಿಂತ ಈಚಿನ ‘ಘೇರಂಡ ಸಂಹಿತೆ’ ಕಪಾಲಭಾತಿಯ ಒಂದು ಬಗೆಯಾಗಿ, ಮೂಗಿನಿಂದ ನೀರೆಳೆದು ಬಾಯಿಂದ ಬಿಡುವ ವ್ಯುತ್ಕ್ರಮವನ್ನು ವರ್ಣಿಸುತ್ತದೆ. ಇಂದಿನ ಕೊಕ್ಕಿನ ಪಾತ್ರೆಯ ಜಲನೇತಿಗೆ ಇದೇ ಹತ್ತಿರದ ನೆಂಟ. ಪತಂಜಲಿಯ ಯೋಗಸೂತ್ರದಲ್ಲಿ ಇಂಥ ಕ್ರಿಯೆಗಳ ವಿವರವಿಲ್ಲ. ನಿಯಮಗಳಲ್ಲಿ ಮೊದಲನೆಯದಾಗಿ ‘ಶೌಚ’ ಎಂಬ ಒಂದು ಮಾತಿದೆ, ಅಷ್ಟೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ದೇಹ ಬಿಟ್ಟ ಸಿದ್ಧೇಶ್ವರ ಸ್ವಾಮೀಜಿ ಆ ಯೋಗಶಾಸ್ತ್ರವನ್ನು ತಿಳಿಗನ್ನಡದಲ್ಲಿ ಹಳ್ಳಿಹಳ್ಳಿಗೆ ಮುಟ್ಟಿಸಿದವರು. ಯೋಗ ಎಂಬ ಮಾತು ಈ ಭಾಗದ ರೈತರಿಗೂ ಹೊರಗಿನದೆನಿಸದಿರಲು ಅಂಥ ಪ್ರವಚನಗಳ ಪಾಲು ದೊಡ್ಡದು.

ಇದೇ ನಗರದಲ್ಲಿ ಇನ್ನೊಂದು ಪರಂಪರೆಯೂ ಮೂಗು ತೊಳೆಯುವುದನ್ನು ದಿನಚರಿಯಾಗಿಸಿದೆ. ಒಂದನೆಯ ಅಲಿ ಆದಿಲ್‌ಶಾಹಿ ಕಟ್ಟಿಸಲು ತೊಡಗಿದ ಜಾಮಿಯಾ ಮಸೀದಿಯಿರಲಿ, ಓಣಿಯ ಸಣ್ಣ ಮಸೀದಿಯಿರಲಿ, ನಮಾಜಿಗೆ ಮುನ್ನ ವುಜೂ ಮಾಡುವವರು ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗಿಗೆ ಮೂರು ಸಲ ನೀರೆಳೆದು ಸೀಟುತ್ತಾರೆ. ಆಯುರ್ವೇದದ ನಸ್ಯ ಮಾತ್ರ ಬೇರೆ. ಅದು ತೊಳೆಯುವುದಲ್ಲ, ಔಷಧಿಯ ತೈಲವನ್ನು ಹೊಳ್ಳೆಗೆ ಹನಿಸುವುದು. ಪಂಚಕರ್ಮದ ಭಾಗವಾದ ಅದನ್ನು ವಿಜಯಪುರದ ಎ.ವಿ.ಎಸ್. ಆಯುರ್ವೇದ ಮಹಾವಿದ್ಯಾಲಯದಂಥ ಕಡೆ ವಿದ್ಯಾರ್ಥಿಗಳು ಪಠ್ಯವಾಗಿಯೇ ಓದುತ್ತಾರೆ. ಎರಡನ್ನೂ ಒಂದೇ ಎಂದು ತಿಳಿದು ನೇತಿಯ ನೀರಿಗೆ ಎಣ್ಣೆ ಬೆರೆಸುವುದು ತಪ್ಪು.

ಕರಾವಳಿಯ ಕಡೆ ಹೋದರೆ, 1989ರಲ್ಲಿ ಉಜಿರೆಯಲ್ಲಿ ಶುರುವಾದ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥಲ್ಲಿ ಜಲನೇತಿ ದಿನದ ಪಾಠದಂತೆ. ಅಮೆರಿಕದಲ್ಲಿ 2007ರಲ್ಲಿ ಓಪ್ರಾ ವಿನ್‌ಫ್ರೀಯ ಟಿ.ವಿ. ಕಾರ್ಯಕ್ರಮ ನೇತಿ ಪಾತ್ರೆಯನ್ನು ತೋರಿಸಿದ ಮೇಲೆ ಅದು ಅಲ್ಲಿನ ಔಷಧದಂಗಡಿಗಳ ಸಾಮಾನಾಯಿತು.

ಮೊದಲ ಸಲ ಮಾಡುವವರಿಗೆ ಅಂಜಿಕೆ ಸಹಜ. ಬಾವಿಯಲ್ಲಿ ಈಜುವಾಗ ಮೂಗಿಗೆ ನೀರು ಹೊಕ್ಕು ನೆತ್ತಿಯವರೆಗೆ ಚುರ್ರೆಂದ ನೆನಪು ಯಾರಿಗಿಲ್ಲ? ಆ ಉರಿ ಬಂದದ್ದು ನೀರಿನಿಂದಲ್ಲ, ನೀರಿನಲ್ಲಿ ಉಪ್ಪಿಲ್ಲದ್ದರಿಂದ. ನಮ್ಮ ರಕ್ತ, ಕಣ್ಣೀರು ಎಲ್ಲದರಲ್ಲೂ ಉಪ್ಪಿನಂಶವಿದೆ. ಸಪ್ಪೆ ನೀರು ತಾಗಿದಾಗ ಒಳಚರ್ಮದ ಕೋಶಗಳು ಅದನ್ನು ಹೀರಿ ಉಬ್ಬುತ್ತವೆ, ಉರಿಯುತ್ತವೆ. ನೂರಕ್ಕೆ 0.9ರಷ್ಟು ಉಪ್ಪು ಬೆರೆತರೆ ನೀರು ಮೈಯೊಳಗಿನ ದ್ರವಕ್ಕೆ ಸಮನಾಗುತ್ತದೆ, ಉರಿ ಮಾಯ. ಲೆಕ್ಕ ಇಷ್ಟು: ಅರ್ಧ ಲೀಟರ್ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು. ಅಂದರೆ ಚಹಾ ಚಮಚೆಯಲ್ಲಿ ತಲೆ ಸವರಿ ಮಟ್ಟಸ ಮಾಡಿದ ಒಂದು ಚಮಚೆಗಿಂತ ತುಸು ಕಡಿಮೆ. ಅಯೋಡಿನ್ ಬೆರೆಸಿದ ಪುಡಿ ಉಪ್ಪು ಕೆಲವರ ಮೂಗಿಗೆ ಕೆರೆತ ತರುತ್ತದೆ, ಆದ್ದರಿಂದ ಬೇರೇನೂ ಬೆರೆಯದ ಶುದ್ಧ ಉಪ್ಪು ಲೇಸು. ಔಷಧದಂಗಡಿಯಲ್ಲಿ ಉಪ್ಪು ಮತ್ತು ಸೋಡಾ ಅಳತೆ ಮಾಡಿ ಕಟ್ಟಿದ ಪುಡಿಕೆಗಳೂ ಸಿಗುತ್ತವೆ. ಕಲ್ಲುಪ್ಪೋ ಸೈಂಧವವೋ ಬಳಸುವವರು ಅದನ್ನು ನೀರಿನ ಜೊತೆಗೇ ಕುದಿಸಿ, ಆರಿದ ಮೇಲೆ ತಳದ ಕಸ ಬಿಟ್ಟು ಮೇಲಿನ ತಿಳಿ ಮಾತ್ರ ತೆಗೆದುಕೊಂಡರಾಯಿತು.

ಇನ್ನು ಬಚ್ಚಲದ ಮುಂದೆ. ಕೊಕ್ಕಿನ ಪಾತ್ರೆ ತುಂಬಿ, ಸೊಂಟದಿಂದ ಮುಂದೆ ಬಾಗಿ, ತಲೆಯನ್ನು ಒಂದು ಮಗ್ಗಲಿಗೆ ಹೊರಳಿಸಬೇಕು. ಮೇಲಾದ ಹೊಳ್ಳೆಗೆ ಕೊಕ್ಕನ್ನು ಗಾಳಿ ನುಸುಳದಂತೆ, ಆದರೆ ಒತ್ತದೆ ಇಡಬೇಕು. ಬಾಯಿ ತೆರೆದೇ ಇರಬೇಕು, ಉಸಿರಾಟ ಬಾಯಿಯಿಂದ ಮಾತ್ರ. ಮಾತಾಡಬಾರದು, ಗುಟುಕು ನುಂಗಬಾರದು. ಪಾತ್ರೆ ಎತ್ತಿದ ಮೊದಲ ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಹುಬ್ಬಿನ ಹಿಂದೆಲ್ಲೋ ಬೆಚ್ಚಗೆ ತುಂಬಿಕೊಂಡ ಅನುಭವ. ಆಮೇಲೆ ಕೆಳಗಿನ ಹೊಳ್ಳೆಯಿಂದ ಒಂದು ಹನಿ, ಎರಡು ಹನಿ, ನೋಡುತ್ತಿದ್ದಂತೆ ದಾರದಂತೆ ಸಣ್ಣ ಧಾರೆ. ನೀರು ಮೂಗಿನ ನಡುಗೋಡೆಯ ಹಿಂದಿನಿಂದ ಸುತ್ತಿ ಬಂದಿರುತ್ತದೆ. ರಾಶಿಯ ದಿನಗಳಲ್ಲಿ ಮಾಡಿದವರ ಮೊದಲ ಧಾರೆ ಬೆಳ್ಳಗಿರುವುದಿಲ್ಲ. ಎರೆಮಣ್ಣಿನ ಬಣ್ಣದ ಲೋಳೆ, ಒಮ್ಮೊಮ್ಮೆ ಹೊಟ್ಟಿನ ಚೂರು ಬಚ್ಚಲಿಗೆ ಬೀಳುತ್ತದೆ. ಇನ್ನೂರು ಇನ್ನೂರೈವತ್ತು ಮಿಲಿಲೀಟರ್ ಒಂದು ಕಡೆಯಿಂದ, ಅಷ್ಟೇ ಇನ್ನೊಂದು ಕಡೆಯಿಂದ.

ತಪ್ಪುವುದು ಎರಡು ಕಡೆ. ತಲೆ ಹಿಂದಕ್ಕೆ ವಾಲಿದರೆ ನೀರು ಗಂಟಲಿಗಿಳಿದು ಕೆಮ್ಮು ಬರುತ್ತದೆ. ಮುಗಿದ ಮೇಲೆ ಒಂದು ಹೊಳ್ಳೆ ಬಿಗಿಯಾಗಿ ಒತ್ತಿ ಇನ್ನೊಂದರಿಂದ ಜೋರಾಗಿ ಸೀಟಿದರೆ ನೀರು ಕಿವಿಯ ಕಡೆ ನುಗ್ಗುತ್ತದೆ, ಕಿವಿ ದಪ್ಪಗಾಗಿ ನೋವು ಶುರುವಾಗುತ್ತದೆ. ಎರಡೂ ಹೊಳ್ಳೆ ತೆರೆದಿಟ್ಟು, ಮುಂದೆ ಬಾಗಿ, ಮೆಲ್ಲಗೆ ಕಪಾಲಭಾತಿಯಂತೆ ಉಸಿರು ಹೊಡೆದು ನೀರು ಹೊರಹಾಕಬೇಕು. ಆದರೂ ಸ್ವಲ್ಪ ಉಳಿದಿರುತ್ತದೆ. ಅರ್ಧ ತಾಸಿನ ಮೇಲೆ ಅಂಗಳದಲ್ಲಿ ರಂಗೋಲಿಗೆ ಬಾಗಿದಾಗಲೋ, ದೇವರಿಗೆ ಅಡ್ಡಬಿದ್ದಾಗಲೋ ಮೂಗಿನಿಂದ ಫಳ್ಳನೆ ನೀರು ಸುರಿದರೆ ಗಾಬರಿ ಬೇಡ.

ಇದರಿಂದ ಗುಣ ಎಷ್ಟು? ಉತ್ಸಾಹಿಗಳು ಹೇಳುವಷ್ಟಿಲ್ಲ, ಅನುಮಾನಿಸುವವರು ಅಂದುಕೊಂಡದ್ದಕ್ಕಿಂತ ಹೆಚ್ಚು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡೇವಿಡ್ ರಬಾಗೊ ಮತ್ತು ಸಂಗಡಿಗರು ಸೈನಸ್ ತೊಂದರೆ ಮರುಕಳಿಸುತ್ತಿದ್ದ 76 ಜನರ ಮೇಲೆ ಆರು ತಿಂಗಳು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ನೂರಕ್ಕೆ ಎರಡರಷ್ಟು ಉಪ್ಪಿನ ನೀರಿನಿಂದ ಮೂಗು ತೊಳೆದವರ ತ್ರಾಸು ಕಡಿಮೆಯಾಯಿತು, ಆಂಟಿಬಯಾಟಿಕ್ ಬಳಕೆಯೂ ಇಳಿಯಿತು. ಅಲರ್ಜಿಯ ಮೂಗಿಗಾಗಿ ಕಾಕ್ರೇನ್ ಸಂಸ್ಥೆ 2018ರಲ್ಲಿ 14 ಅಧ್ಯಯನಗಳನ್ನು, ಅಂದರೆ 747 ಮಂದಿಯ ಅನುಭವವನ್ನು, ಒಟ್ಟಿಗೆ ಇಟ್ಟು ನೋಡಿತು. ಉಪ್ಪುನೀರು ಬಳಸದವರಿಗಿಂತ ಬಳಸಿದವರ ಬಾಧೆ ಮೂರು ತಿಂಗಳವರೆಗೂ ಕಡಿಮೆಯಿರಬಹುದು ಎಂದಿತು. ಜೊತೆಗೆ ಈ ಸಾಕ್ಷ್ಯದ ಗುಣಮಟ್ಟ ಗಟ್ಟಿಯಿಲ್ಲ ಎಂದೂ ಹೇಳಿತು. ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಓದುಗರಿಗೆ ಮಾಡುವ ಅನ್ಯಾಯ.

ನೆಗಡಿಯ ವಿಷಯದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಕಡೆಯ ಕೆಲಸ ಕುತೂಹಲದ್ದು. ಅಲ್ಲಿನ ಸಂಶೋಧಕರಿಗೆ ಹುರುಪು ಕೊಟ್ಟದ್ದು ನಮ್ಮ ಜಲನೇತಿಯೇ. 2019ರಲ್ಲಿ ಪ್ರಕಟವಾದ ಅವರ 66 ಜನರ ಪ್ರಯೋಗದಲ್ಲಿ ನೆಗಡಿ ಶುರುವಾದ ಕೂಡಲೇ ಗಾಢ ಉಪ್ಪುನೀರಿನಿಂದ ಮೂಗು ತೊಳೆದು ಗಂಟಲು ಗುಳುಗುಳು ಮಾಡಿದವರ ಕಾಯಿಲೆ ಸುಮಾರು 1.9 ದಿನ ಮೊದಲೇ ಮುಗಿಯಿತು. ಮಕ್ಕಳಿಗೆ ಉಪ್ಪುನೀರಿನ ಹನಿಗಳನ್ನಷ್ಟೇ ಹಾಕಿ ನಡೆಸಿದ, 407 ಮಕ್ಕಳ ಇನ್ನೊಂದು ಅಧ್ಯಯನವನ್ನು 2024ರಲ್ಲಿ ಮಂಡಿಸಿದರು. ಎಂಟು ದಿನದ ನೆಗಡಿ ಆರು ದಿನಕ್ಕಿಳಿದಿತ್ತು. ಉಪ್ಪಿನ ಕ್ಲೋರೈಡನ್ನು ಬಳಸಿ ನಮ್ಮ ಕೋಶಗಳೇ ವೈರಾಣು ತಡೆಯುವ ಒಂದು ಆಮ್ಲವನ್ನು ತಯಾರಿಸಿಕೊಳ್ಳುತ್ತವೆ ಎಂಬುದು ಅವರ ವಿವರಣೆ. ಕೂಲಿಯ ಲೆಕ್ಕದಲ್ಲಿ ಬದುಕುವ ಮನೆಗೆ ಎರಡು ದಿನ ಸಣ್ಣ ಮಾತಲ್ಲ.

ಈಗ ನೀರಿನ ಮಾತು.

ವಿಜಯಪುರಕ್ಕೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ತೊರವಿಯಿಂದ ಸುರಂಗದಲ್ಲಿ ನೀರು ತಂದು, ಓಣಿಗಳಲ್ಲಿ ಗಂಜ್ ಎಂಬ ನೀರಗೋಪುರ ಕಟ್ಟಿದ ಊರು ಇದು. ತಾಜ್ ಬಾವಡಿ, ಚಾಂದ್ ಬಾವಡಿ, ಬೇಗಂ ತಲಾಬ್, ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆ ಎಲ್ಲವೂ ಆದಿಲ್‌ಶಾಹಿಗಳ ಕಾಲದ ದಾಹದ ಕುರುಹುಗಳು. ಇಂದು ನಗರಕ್ಕೆ ಕೊಲ್ಹಾರದಿಂದ ಕೃಷ್ಣೆಯ ನೀರು, ಭೂತನಾಳ ಕೆರೆಯ ನೀರು. ನಳ ದಿನಾ ಬರುವುದಿಲ್ಲ, ಆದ್ದರಿಂದ ಮನೆಮನೆಯ ಮಾಳಿಗೆ ಮೇಲೆ ಪ್ಲಾಸ್ಟಿಕ್ ಟಾಕಿ. ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಬೋರಿನ ಗಡಸು ನೀರು, ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನು. ತುಬಚಿ-ಬಬಲೇಶ್ವರ ಏತ ನೀರಾವರಿಯ ಕಾಲುವೆಗಳು ಬಂದ ಮೇಲೆ ಹೊಲಕ್ಕೂ ನೀರಿನ ಆಸರೆಯಾಗಿದೆ. ಇವುಗಳಲ್ಲಿ ಯಾವುದನ್ನೂ ಹಾಗೆಯೇ ಮೂಗಿಗೆ ಬಿಡಬಾರದು. ಟಾಕಿಯ ನೀರು ಬೇಡ, ಬೋರಿನದು ಬೇಡ, ಬಾವಿಯದು ಬೇಡ, ಕ್ಯಾನಿನ ಆರ್‌ಒ ನೀರೂ ನೇರವಾಗಿ ಬೇಡ.

ಕಾರಣ ನೀಗ್ಲೇರಿಯಾ ಫೌಲೆರಿ ಎಂಬ ಅಮೀಬಾ. 1965ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಅದನ್ನು ಮೊದಲು ವರ್ಣಿಸಿದರು. ಬೆಚ್ಚಗಿನ ಸಿಹಿನೀರು ಅದಕ್ಕೆ ಇಷ್ಟ, 46 ಡಿಗ್ರಿಯವರೆಗೂ ಬದುಕುತ್ತದೆ. ಆ ನೀರನ್ನು ಕುಡಿದರೆ ಅದರಿಂದ ರೋಗ ಬರುವುದಿಲ್ಲ, ಹೊಟ್ಟೆಯ ಆಮ್ಲ ಅದನ್ನು ಕೊಲ್ಲುತ್ತದೆ. ಮೂಗಿನ ಮೇಲ್ಭಾಗಕ್ಕೆ ಹೋದರೆ ಮಾತ್ರ ವಾಸನೆಯ ನರಗಳ ದಾರಿ ಹಿಡಿದು ಮಿದುಳಿಗೇರುತ್ತದೆ. ಹಾಗೆ ಏರಿದವರಲ್ಲಿ ಬದುಕುಳಿದವರು ಬೆರಳೆಣಿಕೆಯಷ್ಟು. 2011ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಇಬ್ಬರು ಸತ್ತರು. ಇಬ್ಬರೂ ನೇತಿ ಪಾತ್ರೆಯಲ್ಲಿ ನಲ್ಲಿಯ ನೀರು ಬಳಸಿದ್ದರು. ಕರಾಚಿಯಲ್ಲಿ 2008-09ರ ಸುಮಾರಿಗೆ 17 ತಿಂಗಳಲ್ಲಿ 13 ಪ್ರಕರಣಗಳು ದಾಖಲಾದವು. ಅವರಲ್ಲಿ ಹೆಚ್ಚಿನವರು ಈಜಿದವರಲ್ಲ, ವುಜೂ ಮಾಡುವಾಗ ಮೂಗಿಗೆ ನೀರೆಳೆದದ್ದೇ ದಾರಿಯಾಗಿರಬಹುದೆಂದು ವೈದ್ಯರು ಅಂದಾಜಿಸಿದರು. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾ ಮಿದುಳುಜ್ವರ ಮತ್ತೆ ಮತ್ತೆ ಸುದ್ದಿಯಾಯಿತು. ಸಾವುಗಳಾದವು, ಬಾವಿ ಮತ್ತು ಟಾಕಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನವೇ ನಡೆಯಿತು.

ಇದು ತೀರಾ ಅಪರೂಪದ ರೋಗ. ಈಜು ಬಿಡಬೇಕಿಲ್ಲ, ವುಜೂ ನಿಲ್ಲಿಸಬೇಕಿಲ್ಲ, ನೀರನ್ನು ಜೋರಾಗಿ ಮೇಲಕ್ಕೆಳೆಯದಿದ್ದರೆ ಸಾಕು. ಆದರೆ ನೇತಿಯಲ್ಲಿ ನಾವೇ ಬೇಕೆಂದು ಅರ್ಧ ಲೀಟರ್ ನೀರನ್ನು ಮೂಗಿನ ಮೂಲೆಮೂಲೆಗೆ ಹರಿಸುತ್ತೇವೆ. ಬೇಸಿಗೆಯ ಮಧ್ಯಾಹ್ನ ವಿಜಯಪುರದ ಮಾಳಿಗೆಯ ಟಾಕಿಯಲ್ಲಿ ನೀರು ಜಳಕಕ್ಕೆ ಕಾಸಿದಷ್ಟು ಬಿಸಿಯಾಗಿರುತ್ತದೆ. ‘ಹೆಂಗೂ ಬೆಚ್ಚಗ ಐತಿ, ಇದರಾಗ ಉಪ್ಪ ಹಾಕಿದ್ರ ಆತು’ ಎಂಬ ಸುಲಭದ ದಾರಿಯೇ ಇಲ್ಲಿ ಎಲ್ಲಕ್ಕಿಂತ ಅಪಾಯದ್ದು. ನೀರು ಬೆಚ್ಚಗಿರುವುದು ಬೇರೆ, ಕುದ್ದು ಆರಿರುವುದು ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹೆ ಸ್ಪಷ್ಟವಾಗಿದೆ: ಭಟ್ಟಿ ಇಳಿಸಿದ ನೀರು, ಇಲ್ಲವೇ ಮೂರರಿಂದ ಐದು ನಿಮಿಷ ಕೊತಕೊತ ಕುದಿಸಿ ಆರಿಸಿದ ನೀರು. ಮುಚ್ಚಿಟ್ಟು 24 ತಾಸಿನೊಳಗೆ ಬಳಸಬೇಕು. ಘಟಕದ ಆರ್‌ಒ ನೀರು ಕುಡಿಯಲು ಸರಿ, ಆದರೆ ಅದು ಪೈಪು, ನಲ್ಲಿ, ಕ್ಯಾನು ದಾಟಿ ಮನೆ ಸೇರುವ ಹೊತ್ತಿಗೆ ರೋಗಾಣುಮುಕ್ತ ಅನ್ನುವ ಖಾತ್ರಿಯಿಲ್ಲ. ಅದನ್ನೂ ಕುದಿಸಲೇಬೇಕು. ಊರಿನ ಶಿಬಿರಗಳಲ್ಲಿ ನೂರಾರು ಜನಕ್ಕೆ ಒಮ್ಮೆಗೇ ನೇತಿ ಹೇಳಿಕೊಡುವವರು ದೊಡ್ಡ ಹಂಡೆಯಲ್ಲಿ ನೀರನ್ನು ಬರೀ ಕಾಸದೆ ಕುದಿಸಿದ್ದಾರೆಯೇ ಎಂದು ಕೇಳುವ ಹಕ್ಕು ಬಂದವರಿಗೆಲ್ಲ ಇದೆ. ಕೇಳಲು ಸಂಕೋಚ ಬೇಡ.

ಪಾತ್ರೆಯೂ ಅಷ್ಟೇ ಮುಖ್ಯ. ತಾಮ್ರದ ನೇತಿ ಪಾತ್ರೆ ನೋಡಲು ಚೆಂದ, ಉಪ್ಪುನೀರು ಅದರಲ್ಲಿ ನಿಂತರೆ ಕಿಲುಬು. ಸ್ಟೀಲಿನದು ಒಳ್ಳೆಯದು. ಮನೆಮಂದಿಗೆಲ್ಲ ಒಂದೇ ಪಾತ್ರೆ ಬೇಡ.

ಯಾರು ಮಾಡಬಾರದು ಎಂಬ ಪಟ್ಟಿ ಚಿಕ್ಕದಾದರೂ ಗಟ್ಟಿ. ಕಿವಿಯಲ್ಲಿ ಕೀವು ಸೋರುವವರು, ಮೂಗಿನಿಂದ ಪದೇ ಪದೇ ರಕ್ತ ಬರುವವರು, ಇತ್ತೀಚೆಗೆ ಮೂಗಿನ ಶಸ್ತ್ರಚಿಕಿತ್ಸೆಯಾದವರು, ನುಂಗಲು ತೊಂದರೆಯಿರುವವರು ವೈದ್ಯರನ್ನು ಕೇಳದೆ ಕೈಹಾಕಬಾರದು. ರೋಗನಿರೋಧಕ ಶಕ್ತಿ ಕುಂದಿದವರು ಇನ್ನೂ ಎಚ್ಚರವಾಗಿರಬೇಕು. ಅಕಾಂತಮೀಬಾ ಎಂಬ ಇನ್ನೊಂದು ಅಮೀಬಾ ಇಂಥವರನ್ನೇ ಹುಡುಕಿ ಹಿಡಿಯುತ್ತದೆ, ಮೂಗು ತೊಳೆಯುವ ರೂಢಿಯಿದ್ದ ಅಂಥ ಹತ್ತು ರೋಗಿಗಳ ವರದಿ ಅಮೆರಿಕದಿಂದ ಬಂದಿದೆ. ಒಂದು ಕಡೆ ಪೂರ್ತಿ ಕಟ್ಟಿದ್ದರೆ ನೀರನ್ನು ಬಲವಂತವಾಗಿ ನುಗ್ಗಿಸಬಾರದು. ಹಂಗಾಮು ಮುಗಿದು ಮೂಗು ತಿಳಿಯಾದ ಮೇಲೂ ಜೀವಮಾನವಿಡೀ ದಿನಕ್ಕೆರಡು ಸಲ ತೊಳೆಯುತ್ತಲೇ ಇರಬೇಕೆಂಬ ಹಟ ಬೇಕಾಗಿಲ್ಲ. ಲೋಳೆ ಶತ್ರುವಲ್ಲ, ಅದು ಮೂಗಿನ ಕಾವಲು.

ನೇತಿಯ ನಿಜವಾದ ಉಪಕಾರ ಇನ್ನೊಂದು ಕಡೆಯಿದೆ. ಮೂಗು ಕಟ್ಟಿದ ಕೂಡಲೇ ಔಷಧದಂಗಡಿಗೆ ಹೋಗಿ, ಚೀಟಿಯಿಲ್ಲದೆ ಕಟ್ಟಿದ ಮೂಗು ಬಿಡಿಸುವ ಹನಿ ತಂದು ಹಾಕಿಕೊಳ್ಳುವ ಚಾಳಿ ನಗರದಲ್ಲೂ ಹಳ್ಳಿಯಲ್ಲೂ ಇದೆ. ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಎಂಬ ಆ ಔಷಧಿಗಳು ಎರಡೇ ನಿಮಿಷದಲ್ಲಿ ದಾರಿ ತೆರೆಯುತ್ತವೆ. ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಿದರೆ ತಿರುಗುಬಾಣ. ಔಷಧದ ಕಸುವು ಇಳಿದಂತೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಹನಿ ಬೇಕೆನಿಸುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಣ್ಣ ಶೀಶೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ತಿರುಗುವವರಿದ್ದಾರೆ. ಉಪ್ಪುನೀರಿಗೆ ಇಂಥ ಚಟ ಹತ್ತಿಸುವ ಗುಣವಿಲ್ಲ. ವೈದ್ಯರು ಅಲರ್ಜಿಗೆಂದು ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟಿದ್ದರೆ ಮೊದಲು ನೇತಿ, ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ. ತೊಳೆದ ಗೋಡೆಗೆ ಸುಣ್ಣ ಹಿಡಿದಂತೆ ಔಷಧಿ ಹಿಡಿಯುತ್ತದೆ. ಇದನ್ನು ಹಿಂದುಮುಂದು ಮಾಡಿದರೆ ಹಾಕಿದ ಔಷಧಿಯೆಲ್ಲ ಬಚ್ಚಲ ಪಾಲು. ಹತ್ತು ದಿನ ಕಳೆದರೂ ಬಿಡದ ಹಳದಿ ಸೋರಿಕೆ, ಮುಖದ ಒಂದು ಮಗ್ಗಲಿನ ನೋವು, ಕಣ್ಣಿನ ಸುತ್ತ ಬಾವು, ರಾತ್ರಿ ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದು ಇದ್ದರೆ ನೇತಿಯನ್ನು ನಂಬಿ ಕೂರುವ ಕಾಲವಲ್ಲ ಅದು. ಜಿಲ್ಲಾ ಆಸ್ಪತ್ರೆಯಿದೆ, 1986ರಲ್ಲಿ ಶುರುವಾದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಎರಡರಲ್ಲೂ ತೋರಿಸಿಕೊಳ್ಳಬಹುದು.

ಮನೂಕ ಶೆಡ್ಡಿನ ಹೆಣ್ಣಾಳುಗಳ ಮಾತಿಗೆ ಮತ್ತೆ ಬರಲೇಬೇಕು. ಅವರಿಗೆ ‘ದಿನಾ ನೇತಿ ಮಾಡ್ರಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಗಂಧಕ ಉರಿಯುವಾಗ ಶೆಡ್ಡಿನೊಳಗೆ ಯಾರೂ ಇರದಂತೆ ನೋಡಿಕೊಳ್ಳುವುದು, ಪರದೆ ಎತ್ತಿ ಗಾಳಿಯಾಡಿದ ಮೇಲಷ್ಟೇ ಆಳುಗಳನ್ನು ಕರೆಯುವುದು, ಜರಡಿಯ ಕೆಲಸಕ್ಕೆ ಸರಿಯಾದ ಮಾಸ್ಕು ಕೊಡುವುದು ಮಾಲೀಕರ ಹೊಣೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮೇಲೆ ದ್ರಾಕ್ಷಿಗೆ ಮೇಲಿಂದ ಮೇಲೆ ಔಷಧಿ ಹೊಡೆಯುವ ಗಂಡಾಳುಗಳ ಪಾಡೂ ಇದೇ. ಸೆರಗು, ಟವೆಲ್ಲು ಧೂಳಿನ ದಪ್ಪ ಕಣಗಳನ್ನಷ್ಟೇ ತಡೆಯುತ್ತವೆ, ಗಂಧಕದ ಹೊಗೆಯನ್ನಾಗಲಿ ಔಷಧಿಯ ಹನಿಮಂಜನ್ನಾಗಲಿ ತಡೆಯುವುದಿಲ್ಲ. ಒಳಗೆ ಹೋಗದಂತೆ ತಡೆದದ್ದೇ ಮೊದಲ ಚಿಕಿತ್ಸೆ, ಹೋದದ್ದನ್ನು ತೊಳೆಯುವುದು ಎರಡನೆಯದು.

ಆ ಎರಡನೆಯದಕ್ಕೆ ಬೇಕಾದ ಸರಂಜಾಮು ಈ ಸೀಮೆಯ ಯಾವ ಅಡುಗೆಮನೆಯಲ್ಲೂ ಇದೆ. ರಾತ್ರಿ ರೊಟ್ಟಿ ಬಡಿದು ಮುಗಿದ ಮೇಲೆ ಒಲೆ ಆರಿಸುವ ಮುನ್ನ ಸ್ಟೀಲಿನ ಪಾತ್ರೆಯಲ್ಲಿ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರಿಟ್ಟು, ಗುಳ್ಳೆ ಏಳುತ್ತ ಐದು ನಿಮಿಷ ಕುದಿಸಿ, ಅಳತೆಯ ಉಪ್ಪು ಹಾಕಿ, ತಟ್ಟೆ ಮುಚ್ಚಿಡುತ್ತಾರೆ. ಬೆಳಗ್ಗೆ ಅದೇ ಪಾತ್ರೆಯನ್ನು ಉಗುರುಬೆಚ್ಚಗಾಗುವಷ್ಟು ಮತ್ತೆ ಕಾಸಿ, ಕೈ ತೊಳೆದುಕೊಂಡು, ಬಚ್ಚಲದ ಕಡೆ ಹೋಗುತ್ತಾರೆ. ರಾಶಿಯ ದಿನಗಳಲ್ಲಿ ಹೊಲದಿಂದ ಬಂದ ಮೇಲೆ ಸಂಜೆ ಇನ್ನೊಮ್ಮೆ. ಮೂಗಿನೊಳಗಿನ ಸುಂಕು ಮರುದಿನದವರೆಗೆ ಅಲ್ಲೇ ಕುಳಿತಿರುವುದು ಬೇಡವಲ್ಲ. ಮುಗಿದ ಮೇಲೆ ಪಾತ್ರೆಯನ್ನು ಕುದಿಸಿದ ನೀರಿನಲ್ಲೇ ಜಾಲಿಸಿ, ಒರೆಸದೆ, ಕಿಟಕಿಯ ಬಿಸಿಲಿಗೆ ಬೋರಲು ಹಾಕಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಕೊಕ್ಕಿನ ಒಳಗೂ ಒಣಗಿರುತ್ತದೆ.